ಇತರೆ ಕಾರಣ

ಸುಂಟಿಕೊಪ್ಪದ ಪ್ಯಾಕ್‌ಹೌಸಿನಲ್ಲಿ ನನ್ನ ಕೆಲಸ
ಹಣ್ಣಿಗೆ ಚುಚ್ಚುವುದು.
ನೂರು ಪೆಟ್ಟಿಗೆಗೊಂದರಂತೆ ಬೆಣ್ಣೆಹಣ್ಣು ಎತ್ತಿ
ತೊಟ್ಟಿನ ಬುಡದಿಂದ ಬೀಜಕ್ಕೆ ತಾಗುವ ತನಕ
ಉಕ್ಕಿನ ಕಡ್ಡಿ ಇಳಿಸಿ
ಅಂಕಿ ನಿಲ್ಲುವುದನ್ನು ಕಾಯುತ್ತೇನೆ.
ಐದೂವರೆ. ಬರೆದುಕೋ ಸೆಲ್ವಿ.
ಚುಚ್ಚಿದ ಹಣ್ಣು ಹಡಗು ಹತ್ತುವಂತಿಲ್ಲ,
ಅದು ಸಂಜೆಗೆ, ಉಪ್ಪು ಮೆಣಸಿನ ಜೊತೆ, ನಮ್ಮ ಪಾಲು.

ಹೊಸಬರು ತಪ್ಪು ತಿಳಿಯುತ್ತಾರೆ.
ಕಂಟೇನರ್ ತಂಪು ಮಾಡುವುದಿಲ್ಲ,
ಮಾಡಿ ಕೊಟ್ಟ ತಂಪನ್ನು ಕಾಯುತ್ತದೆ, ಅಷ್ಟೆ,
ಬೂದಿಯೊಳಗೆ ಕೆಂಡ ಮುಚ್ಚಿಟ್ಟ ಹಾಗೆ,
ಆದರೆ ತಿರುಗುಮುರುಗಾಗಿ.
ಬಿಸಿಲು ಹೊತ್ತು ಬಂದ ಹಣ್ಣನ್ನು ಹಾಗೇ ತುಂಬಿದರೆ
ದಮ್ಮಾಮಿನಲ್ಲಿ ಬಿಸಿಲೇ ಹೋಗಿ ಇಳಿಯುತ್ತದೆ.
ಇನ್ನೊಂದು: ಹಣ್ಣು ಸತ್ತಿಲ್ಲ.
ಕೊಯ್ದ ಮೇಲೂ ಉಸಿರಾಡುತ್ತದೆ,
ತನ್ನ ಉಸಿರಿಗೆ ತಾನೇ ಬೆಚ್ಚಗಾಗುತ್ತದೆ.
ಅದಕ್ಕೇ ಬಿಳಿ ಗೋಡೆಯಲ್ಲೊಂದು ಗಾಳಿಕಿಂಡಿ
ಇಷ್ಟೇ ಇಷ್ಟು ತೆರೆದಿರಬೇಕು.
ಸೀಗಡಿ ಹೋಗುವಾಗ ಕಿಂಡಿ ಮುಚ್ಚುತ್ತಾರಂತೆ ಮಂಗಳೂರಿನಲ್ಲಿ.
ಸತ್ತದ್ದಕ್ಕೆ ಮೈನಸ್ ಹದಿನೆಂಟು, ಮುಗಿಯಿತು.
ಬದುಕಿರುವುದಕ್ಕೇ ಲೆಕ್ಕಾಚಾರ ಜಾಸ್ತಿ.

ಆ ಬುಧವಾರ ಮೊಯ್ದು ಬಾಗಿಲು ಹಾಕಿಸಿ, ಸೀಲು ಬಿಗಿಸಿ,
ಜೆನ್‌ಸೆಟ್ಟಿನ ಡೀಸೆಲಿಗೆ ಕೋಲು ಅದ್ದಿ ನೋಡಿ
ಮಡಿಕೇರಿ ದಾಟಿ ಘಾಟಿ ಇಳಿದ.
ಕೊನೆಯ ಸಾಲಿನ ಪೆಟ್ಟಿಗೆಯೊಳಗೆ
ಬೆಂಕಿಪೊಟ್ಟಣದಷ್ಟು ಒಂದು ಯಂತ್ರ
ಹತ್ತು ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು
ಕತ್ತಲಲ್ಲಿ ಒಂದು ಚುಕ್ಕೆ ಇಡುತ್ತ.

ಹತ್ತೊಂಬತ್ತು ದಿನದ ಮೇಲೆ ಬಂತು ಗೆರೆ.
ಕಡಲುದ್ದಕ್ಕೂ ಅದು ತೊಟ್ಟಿಯ ನೀರಿನಂತೆ ಸಮ.
ಅಲೆ ಅದಕ್ಕೆ ಗೊತ್ತೇ ಇಲ್ಲ.
ಜೆಬೆಲ್ ಅಲಿಯಲ್ಲಿ ಕ್ರೇನು ಎತ್ತಿ
ಇನ್ನೊಂದು ಹಡಗಿಗೆ ಇಟ್ಟದ್ದು ಒಂದು ಸಣ್ಣ ಸೀನು.
ಗುಡ್ಡ ಎದ್ದಿರುವುದು ಮೊದಲ ರಾತ್ರಿ,
ನಮ್ಮ ಮಣ್ಣಿನ ಮೇಲೆ,
ಹನ್ನೊಂದು ನಲವತ್ತರಿಂದ ಒಂದು ಹತ್ತರ ತನಕ:
ಆರು, ಆರೂಕಾಲು, ಆರೂಮುಕ್ಕಾಲು.
ಕಾರಣ ತಿಳಿಸಿ, ಎಂದಿದ್ದಾನೆ ಆಮದುದಾರ.
ಅವನ ನಮೂನೆಯಲ್ಲಿ ನಾಲ್ಕು ಚೌಕ.
ವಿದ್ಯುತ್ ಕಡಿತ. ಬಾಗಿಲು ತೆರೆದದ್ದು.
ಯಂತ್ರದೋಷ. ಇತರೆ.

ಮೊಯ್ದುವನ್ನು ಕೂರಿಸಿ ಕೇಳಿದೆ.
ಮೊದಲು ಟೀ ಕುಡಿದ.
ಕೊಯನಾಡಿನ ಮೇಲಿನ ತಿರುವಿನಲ್ಲಿ, ಎಂದ,
ರಸ್ತೆಗಡ್ಡ ಆರು ನಿಂತಿದ್ದವು, ಚೋಂದಕ್ಕ,
ಬದಿಯ ಮೋರಿಯಲ್ಲಿ ಮರಿ,
ಇನ್ನೂ ಕಾಲು ಬಲಿಯದ್ದು,
ಹತ್ತಲಾರದೆ, ಜಾರಿ, ಮತ್ತೆ ಹತ್ತಲಾರದೆ.
ದೀಪ ಆರಿಸಿದೆ. ಎಂಜಿನ್ ಆರಿಸಿದೆ.
ಹಿಂದೆ ಜೆನ್‌ಸೆಟ್ ಒಂದೇ ಅರಚುತ್ತಿತ್ತು.
ದೊಡ್ಡದೊಂದು ಆ ಕಡೆ ತಿರುಗಿತು.
ಸದ್ದಾಗದ ಹಾಗೆ ಇಳಿದು ಹೋಗಿ
ಅದನ್ನೂ ಆರಿಸಿದೆ.
ಆಮೇಲೆ ಎಲ್ಲ ಕೇಳುತ್ತಿತ್ತು,
ಸೊಪ್ಪು ಮುರಿಯುವುದು, ಮರಿ ಮಣ್ಣು ಕೆರೆಯುವುದು,
ನನ್ನ ಬೆನ್ನ ಹಿಂದೆ ನಿಮ್ಮ ಹಣ್ಣು
ಬೆಚ್ಚಗಾಗುವುದೂ ಕೇಳಿದ ಹಾಗಾಯಿತು.

ವಿದ್ಯುತ್ ಕಡಿತ ಅಂತ ಹಾಕಿಬಿಡಮ್ಮ, ಎಂದರು ಯಜಮಾನರು,
ಸುಳ್ಳೇನಲ್ಲ, ಅದಕ್ಕಾದರೆ ವಿಮೆ ಉಂಟು.
ನಾನು ನಾಲ್ಕನೆಯ ಚೌಕಕ್ಕೆ ಗುರುತು ಹಾಕಿದೆ.
ಪಕ್ಕದಲ್ಲಿ ಇಪ್ಪತ್ತು ಅಕ್ಷರಕ್ಕಷ್ಟೇ ಜಾಗ.
ಆನೆ ಬರೆದರೆ ಮರಿ ಹಿಡಿಸುವುದಿಲ್ಲ,
ಮರಿ ಬರೆದರೆ ಮೋರಿ ಉಳಿಯುತ್ತದೆ,
ಮೊಯ್ದು ಕತ್ತಲಲ್ಲಿ ಇಳಿದು ನಡೆದ ಹತ್ತು ಹೆಜ್ಜೆ
ಯಾವ ಚೌಕದಲ್ಲೂ ಹಿಡಿಸುವುದಿಲ್ಲ.
ಬೆಲೆಯಲ್ಲಿ ನೂರಕ್ಕೆ ಮೂರು ಮುರಿದುಕೊಂಡರು.
ಮುಂದಿನ ಲೋಡಿಗೆ ಬಂದ ನಮೂನೆಯಲ್ಲಿ
ಐದು ಚೌಕ. ಐದನೆಯದು, ಪ್ರಾಣಿ.

ಒಂದು ಮಾತ್ರ ಆವತ್ತು ಕೇಳಲು ಮರೆತೆ,
ತಿಂಗಳ ಮೇಲೆ ಕೇಳಿದೆ: ಮರಿ ಹತ್ತಿತಾ?
ಡೀಸೆಲ್ ಕೋಲು ಒರೆಸುತ್ತಿದ್ದ.
ಕತ್ತಲು, ಚೋಂದಕ್ಕ.
ಕೆರೆಯುವ ಸದ್ದು ನಿಂತಿತು.
ಸ್ವಲ್ಪ ಹೊತ್ತಿಗೆ ರಸ್ತೆ ಖಾಲಿ ಇತ್ತು.
ಜೆನ್‌ಸೆಟ್ ಹಚ್ಚಿದೆ.

ಗೆರೆ ಅಲ್ಲಿಂದ ಇಳಿಯುತ್ತದೆ.