ಒಳಗಿನ ವಿಳಾಸ

ಜಿಪ್ಪು ಗುಂಡಿಗಳ ಮೂಟೆಯ ಹಿಂದೆ, ಲೆಕ್ಕದ ಕೋಣೆಯಲ್ಲಿ
ಒಂದು ಹಳೆ ಕಂಪ್ಯೂಟರು.
ಗುಜರಿಗೆ ಹೊರಟಿದ್ದ ಶೇಕ್ಷಾವಲಿಯ ಗಾಡಿಯಿಂದ
ನಾನೂರೈವತ್ತು ಕೊಟ್ಟು ನಾನೇ ಇಳಿಸಿಕೊಂಡದ್ದು.
ಒಳಗೆಲ್ಲ ಜೀನ್ಸಿನ ನವಿರು, ನೀಲಿ ದೂಳು.
ಊದಿದೆ. ಫ್ಯಾನು ಕೆಮ್ಮಿತು, ಆಮೇಲೆ ತಿರುಗಿತು.

ಅದಕ್ಕೆ ಫ್ರೀಬಿಎಸ್‌ಡಿ ಹಾಕಿದೆ.
ಯಾಕೆಂದು ಕೇಳಬೇಡಿ.
ಎಲ್ಲರೂ ಹತ್ತುವ ಬಸ್ಸು ಬಿಟ್ಟು
ಪ್ಯಾಸೆಂಜರ್ ರೈಲಿಗೆ ಕಾದು ಕೂರುವವರು
ಮನೆಗೊಬ್ಬರು ಇರುತ್ತಾರೆ.
ಅದರ ಗುರುತು ಒಂದು ಕೆಂಪು ಮರಿದೆವ್ವ,
ಎರಡು ಕೊಂಬು, ಕೈಯಲ್ಲಿ ಶೂಲ, ಕಾಲಿಗೆ ಬೂಟು.
ಅವ್ವ ನೋಡಿ ಅಂದಳು:
‘ಮೊದ್ಲು ಒಂದು ನಿಂಬೆಹಣ್ಣು ನಿವಾಳಿಸಿ ಒಗಿ.’

ಹತ್ತಾರು ಜನ ಒಟ್ಟಿಗೆ ಆಡುವ ಆಟ.
ಕಲ್ಲು, ಮಣ್ಣು, ಮರ, ಎಲ್ಲ ಚೌಕ ತುಂಡು.
ಅಗೆ, ಇಡು, ಕಟ್ಟು,
ಪಕ್ಕದವ ಕೆಡವಿದರೆ ಜಗಳಾಡಿ ಮತ್ತೆ ಕಟ್ಟು.
ಆದರೆ ಇದರ ಸರ್ವರನ್ನು ಬೇರೆಯವರ ಮೈಯಳತೆಗೆ ಹೊಲಿದಿದ್ದರು.
ನಮ್ಮ ದೆವ್ವಕ್ಕೆ ಸೊಂಟ ಬಿಗಿ, ಕಾಲು ಉದ್ದ.
ಹೊಲಿಗೆ ಬಿಚ್ಚಿದೆ. ಮತ್ತೆ ಹಾಕಿದೆ.
ರಾತ್ರಿಯಿಡೀ ಕಂಪೈಲು,
ಬೆಳಿಗ್ಗೆ ನೋಡಿದರೆ ಅರವತ್ತೆರಡಕ್ಕೆ ನಿಂತು
ಯಾವುದೋ ಫೈಲು ಸಿಗಲಿಲ್ಲವೆಂದು ಮುಖ ಊದಿಸಿಕೊಂಡಿತ್ತು.
ಯಾರನ್ನು ಕೇಳುವುದು?
ಕೌಲ್ ಬಜಾರಿನಲ್ಲಿ ಈ ದೆವ್ವ ಸಾಕಿದವಳು ನಾನೊಬ್ಬಳೇ.
ಕೈಪಿಡಿ ಓದಿದೆ, ಊಟಕ್ಕೆ ಕೂತಾಗ, ಟೆಂಪೋದಲ್ಲಿ,
ಬಿಲ್ಲಿನ ಪುಸ್ತಕದ ಕೆಳಗಿಟ್ಟು.

ಸರ್ವರನ್ನು ಜೈಲಿಗೆ ಹಾಕು, ಅನ್ನುತ್ತದೆ ಕೈಪಿಡಿ.
ಒಳಗಿನದು ಒಳಗೇ ಇರುತ್ತದಂತೆ, ಮನೆಗೆ ಕೇಡಿಲ್ಲವಂತೆ.
ಬಳ್ಳಾರಿಯವಳಿಗೆ ಜೈಲು ಅಂದರೇನೆಂದು
ಇವರು ಹೇಳಿಕೊಡಬೇಕೆ?
ಹಾಕಿದೆ.
ಮೂವತ್ತು ಸಾವಿರನೆಯ ಬಾಗಿಲೊಂದನ್ನು ತೆರೆದಿಟ್ಟೆ.

ಮೊದಲು ಬಂದವನು ತಮ್ಮ ವನ್ನೂರ, ಅವನ ಹಿಂದೆ ಓಣಿ.
ಸಿರುಗುಪ್ಪದಿಂದ ಅಕ್ಕಿ ಗಿರಣಿಯ ಹುಡುಗಿ,
ತೋರಣಗಲ್ಲಿನಿಂದ ಪಾಳಿ ಮುಗಿಸಿದ ಕ್ರೇನಿನವರು.
ಕಿಟಕಿ ತೆರೆದರೆ ಏಕಶಿಲೆಯ ಗುಡ್ಡ ಕಾಣುತ್ತಿರುವಾಗ
ಇವರೆಲ್ಲ ಸೇರಿ ಕಟ್ಟಿದ್ದು
ಅದೇ ಗುಡ್ಡ,
ನಲವತ್ತು ಸಾವಿರ ತುಂಡುಗಳಲ್ಲಿ.

ಒಬ್ಬ ಮಾತ್ರ ಎರಡರ ಮೇಲೆ ಬರುತ್ತಿದ್ದ.
ಹೆಸರು ಕಲ್ಲುಸಕ್ರಿ. ಮಾತಿಲ್ಲ.
ಗುಡ್ಡದ ಬೆನ್ನಿಗೆ ಕಾಲುವೆ ತೋಡುತ್ತಾನೆ,
ನೀರು ಬಿಡುತ್ತಾನೆ,
ಒಂದಿಷ್ಟು ಹೊತ್ತು ನಿಂತು ನೋಡುತ್ತಾನೆ,
ಮುಚ್ಚುತ್ತಾನೆ.
ಮರುರಾತ್ರಿ ಮತ್ತೆ ತೋಡುತ್ತಾನೆ.

ದೀಪಾವಳಿ ಆರ್ಡರಿನ ರಾತ್ರಿ, ಬಿಲ್ಲು ಬರೆಯುತ್ತ ಲಾಗು ನೋಡಿದೆ.
ಕಲ್ಲುಸಕ್ರಿಯ ವಿಳಾಸ ಸಿರುಗುಪ್ಪದ್ದಲ್ಲ, ಎಲ್ಲಿಯದೂ ಅಲ್ಲ.
ನೂರ ತೊಂಬತ್ತೆರಡು, ನೂರ ಅರವತ್ತೆಂಟು,
ಒಳಗಿನ ವಿಳಾಸ.
ಇದೇ ರೌಟರು, ಇದೇ ಗೋಡೆ.

ಮೆಟ್ಟಿಲಿಳಿದು ವಾಷಿಂಗ್ ಶೆಡ್ಡಿಗೆ ಹೋದೆ.
ಡ್ರಮ್ಮು ತಿರುಗುತ್ತಿತ್ತು, ಪ್ಯಾಂಟಿನೊಡನೆ ಕಲ್ಲು ಹೊರಳುತ್ತಿತ್ತು.
ಹುಲುಗಪ್ಪ ಸ್ಟೂಲಿನ ಮೇಲೆ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು,
ಹೆಬ್ಬೆರಳೆರಡೂ ಉಗುರಿನ ಬುಡದವರೆಗೆ ನೀಲಿ.
ಕಾಲ ಕೆಳಗಿನ ಚರಂಡಿಯೂ.

‘ಅಕ್ಕಾ, ಸಾವ್ಕಾರ್ರಿಗೆ ಹೇಳಬ್ಯಾಡ್ರಿ.’
ಹೇಳುವುದಿಲ್ಲ ಅಂದೆ.
ಡ್ರಮ್ಮು ಒಂದು ಸುತ್ತು ಮುಗಿಸಿ ನಿಂತಾಗ ಕೇಳಿದ:
‘ಅಲ್ರೀ, ಆಟದಾಗೂ ನೀರು ನೀಲಿನಾ ಐತಲ್ಲ.
ಎಷ್ಟು ತೋಡಿದ್ರೂ ಅದಾ ಬರ್ತೈತಿ.
ಬ್ಯಾರೆ ಮಾಡಾಕ ಬರಂಗಿಲ್ಲೇನು?’

ಹದಿನಾರು ಚುಕ್ಕಿ ಅಗಲ, ಹದಿನಾರು ಉದ್ದ,
ಅಷ್ಟೇ ಇರುವುದು ಆ ಲೋಕದ ನೀರಿನ ಚಿತ್ರ.
ಮೇಲೆ ಹೋಗಿ ತೆರೆದೆ. ಒಂದೊಂದೇ ಚುಕ್ಕಿಯಿಂದ ನೀಲಿ ಒರೆಸಿದೆ.
ಅದರ ಜಾಗಕ್ಕೆ ಏನು ಹಾಕುವುದು, ತಿಳಿಯಲಿಲ್ಲ.
ಏನೂ ಹಾಕಲಿಲ್ಲ.
ಜೈಲು ನಿಲ್ಲಿಸಿ, ಮತ್ತೆ ಶುರು ಮಾಡಿದೆ.

ಮರುದಿನ ತೋರಣಗಲ್ಲಿನಿಂದ ಬೈಗುಳ:
‘ರೀ ಮೇಡಂ, ನೆಲ ಅಂತ ಕಾಲಿಟ್ಟರೆ ಮುಳುಗಿ ಸತ್ತೆ,
ವಜ್ರ ಎಲ್ಲ ಹೋತು!’

ಆ ರಾತ್ರಿ ಕಾಲುವೆಯನ್ನು ಯಾರೂ ಮುಚ್ಚಲಿಲ್ಲ.
ದಂಡೆಯ ಮೇಲೆ ಒಂದು ಮರದ ಹಲಗೆ ನೆಟ್ಟಿತ್ತು,
ಕಾಗುಣಿತ ತಪ್ಪಿ:
‘ಹುಶಾರ. ಇಲ್ಲಿ ನಿರು ಐತಿ.’