ಬಾನಿಯಲ್ಲಿ ಗುಳ್ಳೆ

ಮೂವತ್ತೊಂದು ವರ್ಷ ಈ ಬಾನಿಯ ಮುಂದೆ ಕೂತಿದ್ದೇನೆ,
ಅವರ್ಸಾದ ಹೆದ್ದಾರಿಗೆ ಬೆನ್ನು ಕೊಟ್ಟು.
ಟ್ಯೂಬು ಮುಳುಗಿಸು, ಹಿಂಡು, ತಿರುಗಿಸು,
ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು.
ನನ್ನ ವಿದ್ಯೆ ಇಷ್ಟೇ.
ಗುಳ್ಳೆ ಎಂದರೆ ಯಾರದೋ ನಷ್ಟ,
ನನ್ನ ಗಂಜಿ.

ಅದಿರಿನ ಲಾರಿಗಳ ಕಾಲದಲ್ಲಿ
ರಾತ್ರಿ ಎರಡಕ್ಕೂ ಎಬ್ಬಿಸುತ್ತಿದ್ದರು.
ಬೇಲೆಕೇರಿಯ ತನಕ ರಸ್ತೆ ಕೆಂಪು, ನಾಯಿಗಳು ಕೆಂಪು,
ಫಿಲುವಿನ ಮೊದಲ ಪರಮಪ್ರಸಾದಕ್ಕೆ ಹೊಲಿಸಿದ
ಬಿಳಿ ಫ್ರಾಕೂ ಕೆಂಪು.
ಒಂದು ದಿನ ಲಾರಿ ನಿಂತವು.
ಬಿಟ್ಟುಹೋದದ್ದು ಟಯರು ಮಾತ್ರ,
ಅಂಗಡಿಯ ಹಿಂದೆ, ಗೇರುಮರದ ಸೊಂಟದವರೆಗೆ,
ಸಂದಿನಲ್ಲಿ ಇನ್ನೂ ಆ ಧೂಳು,
ಹೊಟ್ಟೆಯಲ್ಲಿ ಮಳೆನೀರು, ನೀರಲ್ಲಿ ಸೊಳ್ಳೆಮರಿ.
ಪಂಚಾಯ್ತಿಯಿಂದ ಎರಡು ನೋಟೀಸು.
ಸುಟ್ಟುಬಿಡು ಅಂದರು ಕೆಲವರು. ಒಂದಕ್ಕೆ ಕಡ್ಡಿ ಗೀರಿದೆ.
ಹೊಗೆ ಹೋಗಿ ಎದುರಿನ ಶಾಲೆಯಲ್ಲಿ ಕೂತಿತು,
ಮಕ್ಕಳು ಮನೆಗೆ ಹೋದರು.

ಫಿಲು, ನನ್ನ ತಂಗಿಯ ಮಗಳು, ಐಟಿಐ ಕಲಿತ ವೆಲ್ಡರು,
ಹೇಳಿದಳು: "ಮಾಮಾ, ಬೆಂಕಿ ಹಚ್ಚಿದರೆ ಹೊಗೆ.
ಗಾಳಿ ಕೊಡದೆ ಬಿಸಿ ಮಾತ್ರ ಕೊಟ್ಟರೆ ಎಣ್ಣೆ."
ಗಾಳಿ ತುಂಬಿ ಬದುಕಿದವನಿಗೆ ಹೇಳುವ ಮಾತೇ ಇದು?
ಬಿಸಿ ಎಲ್ಲಿಂದ ತರುತ್ತೀ ಅಂದೆ. ಮೇಲೆ ನೋಡಿದಳು.
ದುಡ್ಡಿಲ್ಲದವರು ಮೇಲೆ ನೋಡುವುದು ಹೊಸದಲ್ಲ,
ಇವಳು ಕೈ ಮುಗಿಯದೆ ನೋಡಿದಳು.

ಗುಜರಿಯಿಂದ ದೊಡ್ಡ ಡಿಶ್ಶು,
ಮುಚ್ಚಿಹೋದ ಸಾತು ಭಂಡಾರಿಯ ಕಟಿಂಗ್ ಶಾಪಿನ ಕನ್ನಡಿ.
ಕೊರೆದು ಕೊರೆದು ಆರುನೂರು ಚೂರು ಅಂಟಿಸಿದೆವು.
ಅರ್ಧ ಊರಿನ ಗಡ್ಡ ಕಂಡ ಕನ್ನಡಿ,
ಈಗ ಒಬ್ಬನನ್ನೇ ಕಾಣುತ್ತದೆ,
ನಾವು ಯಾರೂ ದಿಟ್ಟಿಸಲಾಗದವನನ್ನು.

ನಡುವೆ ಉಕ್ಕಿನ ಬುರುಡೆ, ಒಳಗೆ ಆರು ಕಿಲೋ ಟಯರಿನ ತುಂಡು.
ಬುರುಡೆಯಿಂದ ಕೊಳವೆ ಉಪ್ಪುನೀರಿನ ಡ್ರಮ್ಮು ದಾಟಿ ಶೀಶೆಗೆ,
ಶೀಶೆಯಿಂದ ಇನ್ನೊಂದು, ಅದರ ತುದಿ
ನನ್ನ ಬಾನಿಯಲ್ಲಿ.

ನನ್ನ ಕೆಲಸ ತಿರುಗಿಸುವುದು.
ಮೊಳೆಯ ನೆರಳು ಗೀಟು ಬಿಟ್ಟಿತೋ, ಒಂದು ಹಲ್ಲು.
ಸೈಕಲ್ಲಿನ ಚೈನು, ಟಕ್. ಮತ್ತೆ ಟಕ್.
ಅವನು ನಡೆಯುತ್ತಾನೆಂದು ಗೊತ್ತಿತ್ತು,
ಹೀಗೆ ಓಡುತ್ತಾನೆಂದು ಗೊತ್ತಿರಲಿಲ್ಲ.
ಮೊದಲ ನಾಲ್ಕು ಗುಳ್ಳೆ ಒಳಗಿದ್ದ ಗಾಳಿಯದು,
ಲೆಕ್ಕಕ್ಕಿಲ್ಲ ಅಂದಳು. ಆಮೇಲೆ ಬಾನಿ ಸುಮ್ಮನಾಯಿತು.
ಕಡಲ ಕಡೆಯಿಂದ ಅಂಗೈಯಗಲ ಮೋಡ.
ಕೊಳವೆಯೊಳಗೆ ನೀರು ಹಿಂದಕ್ಕೆ ಏರತೊಡಗಿತು.
ಫಿಲು ಕೊಳವೆ ಚಿವುಟಿ ಹಿಡಿದು
ಮೋಡಕ್ಕೆ ಕೊಂಕಣಿಯಲ್ಲಿ ಏನೋ ಅಂದಳು,
ಇಗರ್ಜಿಯಲ್ಲಿ ಕಲಿತದ್ದಲ್ಲ.

ಹನ್ನೆರಡು ಹತ್ತಕ್ಕೆ
ಒಂದು ಗುಳ್ಳೆ.

ನನ್ನ ಬೆರಳು ತಾನಾಗಿ ತೂತು ಹುಡುಕಹೋಯಿತು.
"ಮುಟ್ಟಬೇಡ ಮಾಮಾ!"
ಎರಡು, ಐದು, ಆಮೇಲೆ ಎಣಿಕೆ ತಪ್ಪಿತು.
ಮುಚ್ಚಬೇಕಾಗಿಲ್ಲದ ಗುಳ್ಳೆಯನ್ನು
ಏನು ಮಾಡಬೇಕೆಂದು ತಿಳಿಯದೆ ನೋಡುತ್ತ ಕೂತೆ.

ಸಂಜೆಗೆ ಎರಡು ಲೀಟರಿಗೆ ಒಂದು ಬೆರಳು ಕಮ್ಮಿ.
ಬಣ್ಣ ಕಾಸಿದ ಬೆಲ್ಲದ್ದು, ನಾತ ಕೊಳೆತ ಮೊಟ್ಟೆಯದು.
ಗಣಬಾ ತಾಂಡೇಲ ಸೀಮೆಎಣ್ಣೆಗೆ ಬೆರೆಸಿ ದೋಣಿಗೆ ಹಾಕಿದ.
ಪಕ್ಕೆಗೆ ಕಟ್ಟಿದ ಟಯರುಗಳು ನೋಡುತ್ತಿದ್ದವು.
ದೋಣಿ ಅಳಿವೆ ದಾಟಿತು, ಕೆಮ್ಮಿತು, ನಿಂತಿತು.
ಹುಟ್ಟು ಹಾಕಿಕೊಂಡು ಬಂದು ಹೇಳಿದ:
"ಹೋಗಲಿಕ್ಕೆ ಅಡ್ಡಿಲ್ಲ. ಬರಲಿಕ್ಕೆ ಇನ್ನಷ್ಟು ಮಾಡಿ."

ಬುರುಡೆ ಬಿಚ್ಚಿದರೆ ಕರಿಪುಡಿ, ತಂತಿಯ ಸಿಂಬೆ,
ತಳದಲ್ಲಿ ಒಂದು ಚಿಟಿಕೆ ಕೆಂಪು.
ಅದಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಟಯರು ಇನ್ನು ನಾನೂರ ಹನ್ನೊಂದು,
ಮಳೆಗೆ ಮೂವತ್ತೆಂಟು ದಿನ.
ಕೂಡಿಸಿ ಕಳೆದು ಫಿಲು ಗೋಡೆಯ ಮೇಲೆ ಬರೆಯುತ್ತಿದ್ದಾಗ
ಸ್ಕೂಟರಿನವನೊಬ್ಬ ಬಂದು ನಿಂತು
"ಗಾಳಿ" ಅಂದ.
ಎದ್ದೆ.