ತಳದ ಸೀಸ

ಐದು ಕೇಜಿ ಬಟ್ಟನ್ನು ಬೋರಲು ಹಾಕಿ ನೋಡಿ:
ಹೊಕ್ಕುಳಂಥ ಗುಳಿ, ಗುಳಿಯೊಳಗೆ ಸೀಸ,
ಸೀಸದ ಮೇಲೆ ಸರ್ಕಾರದ ಪುಟ್ಟ ಕಚ್ಚು.
ಇಸವಿ, ಒಂದಕ್ಷರ.
ನನ್ನ ಅನ್ನ ಇರುವುದು ಆ ಕಚ್ಚಿನಲ್ಲಿ.

ಮಂಡ್ಯದ ಪೇಟೆ ಬೀದಿ, ಮೂರಡಿ ಅಗಲದ ಅಂಗಡಿ,
ತಗಡಿನ ಮೇಲೆ ಲೈಸೆನ್ಸು ನಂಬರು.
ತುಕ್ಕು ತಿಂದ ಬಟ್ಟುಗಳು ನನ್ನ ಮುಂದೆ
ಆಸ್ಪತ್ರೆ ಬೆಂಚಿನ ರೋಗಿಗಳ ಹಾಗೆ ಸಾಲು ಕೂರುತ್ತವೆ.
ಸವೆದದ್ದಕ್ಕೆ ಸೀಸ ಕಾಸಿ ಹುಯ್ಯುತ್ತೇನೆ,
ಹೆಚ್ಚಾದದ್ದನ್ನು ಕೊರೆದು ತೆಗೆಯುತ್ತೇನೆ.
ಹೆಚ್ಚಾದದ್ದು ಬರುವುದು ಬೆಲ್ಲ ಕೊಳ್ಳುವವರ ಕಡೆಯಿಂದ,
ಕಡಿಮೆಯದು ಮಾರುವವರ ಕಡೆಯಿಂದ.
ಕಬ್ಬಿಣಕ್ಕೂ ಪಕ್ಷವಿದೆ.

ಇನ್ಸ್‌ಪೆಕ್ಟರ್ ಶಿವನಂಜಯ್ಯ ಮುದ್ರೆ ಹೊಡೆಯಲು ಬರುತ್ತಾರೆ.
ಹೊಡೆತಕ್ಕೆ ಇಷ್ಟು, ರಸೀದಿ ಉಂಟು.
ರಸೀದಿ ಇಲ್ಲದ್ದು ಟಿಫನ್ ಡಬ್ಬಿಯ ಕೆಳಗೆ.

ನೂರಡಿ ರಸ್ತೆಯಲ್ಲಿ ಸೊಪ್ಪು ಮಾರುವ ಪುಟ್ಟಲಿಂಗಿ
ಅರ್ಧ ಕೇಜಿಗೆ ನಾಲೆ ದಡದ ಕಲ್ಲು ಇಟ್ಟುಕೊಂಡಿದ್ದಳು.
ಜಪ್ತಿಯಾಯಿತು, ದಂಡ ಬಿತ್ತು.
ಆ ಕಲ್ಲನ್ನು ನಾನು ತೂಗಿದೆ: ಐನೂರ ಮೂವತ್ತು.
ಹನ್ನೊಂದು ವರ್ಷ ಮೂವತ್ತು ಗ್ರಾಂ
ಕೈಯಿಂದ ಕೊಡುತ್ತ ಬಂದಿದ್ದಾಳೆ, ಗೊತ್ತಿಲ್ಲದೆ.
ಹೇಳಿದೆ. ‘ಒಸಿ ಜಾಸ್ತಿ ಹೋದ್ರೆ ಏನಾಯ್ತು ಬುಡಪ್ಪ,
ಸೊಪ್ಪು ತಾನೆ’ ಅಂದಳು.
ಕಾನೂನಿಗೆ ಕೊಡುಗೈಯೂ ಕಳ್ಳನೂ ಒಂದೇ ಕಲಮಿನಡಿ.

ಅದೇ ದಿನ ಮಂಡಿಯ ಕರೆಂಟು ತಕ್ಕಡಿಗೂ ಮುದ್ರೆ ಬಿತ್ತು.
ಸೀಲಿನ ತಂತಿ ಗಟ್ಟಿಯಾಗಿತ್ತು,
ಒಳಗಿನ ಚಿಪ್ಪು ಮಾತ್ರ ಯಾರದೋ ಮಾತು ಕೇಳುತ್ತಿತ್ತು.

‘ಎಲ್ಲಾ ಕಿತ್ತಾಕಿ’ ಅನ್ನುತ್ತಾನೆ ಟೀ ಅಂಗಡಿಯಲ್ಲಿ
ಮೊಬೈಲ್ ಮಾರುವ ಹುಡುಗ ತೇಜಸ್.
‘ಮೋಸ ಮಾಡಿದವನ ಅಂಗಡಿಗೆ ಜನ ಹೋಗಲ್ಲ, ಅಷ್ಟೇ.
ಸರ್ಕಾರಕ್ಕೇನು ಕೆಲಸ ಅಲ್ಲಿ?’
ನಾನು ಗ್ಲಾಸು ತಿರುಗಿಸುತ್ತೇನೆ.

ಹನ್ನೊಂದನೇ ವಯಸ್ಸಿಗೆ ಜವರಪ್ಪನ ಆಲೆಮನೆಯಲ್ಲಿ
ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದೆ.
ಹುಬ್ಬಿನ ಕೂದಲು ಸುಟ್ಟ ವಾಸನೆ,
ಕೂಲಿಯ ಮೇಲೆ ಒಂದಚ್ಚು ಬೆಲ್ಲ.
ಒಂದು ಮಧ್ಯಾಹ್ನ ಜೀಪು ಬಂತು.
ಕನ್ನಡಕದ ಹೆಂಗಸು, ಕಂಕುಳಲ್ಲಿ ಫೈಲು.
‘ವಯಸ್ಸೆಷ್ಟಪ್ಪ?’
‘ಹದಿನೈದು’ ಅಂದೆ, ಕಲಿಸಿಕೊಟ್ಟ ಹಾಗೆ.
ಬಾಯಿ ತೆರೆಸಿ ಹಲ್ಲು ನೋಡಿದರು,
ದನದ ಸಂತೆಯಲ್ಲಿ ನೋಡುವಂತೆ.
ಹೆಸರು ಬರೆದರು. ನಾನು ಮನೆಗೆ ಬಂದೆ.

ಆ ರಾತ್ರಿ ಅವ್ವ ಹಿಡಿಮಣ್ಣು ತೂರಿ ಶಪಿಸಿದಳು:
‘ಅವಳ ಮನೆ ಒಲೆ ಆರೋಗ.’
ಎರಡು ದಿನ ಆರಿದ್ದು ನಮ್ಮ ಒಲೆ.
ಸ್ಕೂಲಿನ ಬೆಂಚಿನಲ್ಲಿ ಕೂತು ನಾನೂ ಶಪಿಸಿದೆ.

ಜವರಪ್ಪ ಗಾಣವನ್ನು ಜೀಪು ಹೋಗದ ಗದ್ದೆಗೆ ಸಾಗಿಸಿದ,
ನನ್ನ ಜಾಗಕ್ಕೆ ಮಾಯಿಗನನ್ನು ಕೂರಿಸಿದ.
ಮಾಯಿಗನ ಬಲಗೈ ಕಬ್ಬಿನ ಜತೆ ಒಳಗೆ ಹೋಯಿತು.

ಈಗ ಅವನು ಅಂಗಡಿ ಮುಂದೆ ಕೂತು ಬೀಡಿ ಕಚ್ಚುತ್ತಾನೆ.
ಎಡಗೈಯಲ್ಲಿ ಕಡ್ಡಿ ಗೀರುತ್ತಾನೆ, ಪೊಟ್ಟಣ ನಾನು ಹಿಡಿಯುತ್ತೇನೆ.
ಜೀಪು ಬಂದದ್ದಕ್ಕೆ ನನ್ನ ಕೈ ಉಳಿಯಿತೋ,
ಹೋಗದ್ದಕ್ಕೆ ಅವನ ಕೈ ಹೋಯಿತೋ,
ನನ್ನನ್ನು ಎಬ್ಬಿಸಿದ್ದಕ್ಕೇ ಅವನು ಅಲ್ಲಿ ಕೂತನೋ.
ಅವನು ಕೇಳಿಲ್ಲ. ಹೊಗೆ ಬಿಡುತ್ತಾನೆ.
ಇದನ್ನು ತೇಜಸ್ಸಿನ ಮುಂದೆ ತೂಗಲು ನನಗೆ ಮನಸ್ಸಿಲ್ಲ.

ಮೊನ್ನೆ ಪುಟ್ಟಲಿಂಗಿಗೆ ಹಳೆಯ ಅರ್ಧ ಕೇಜಿ ಬಟ್ಟು ಕೊಟ್ಟೆ.
ಕೊಡುವ ಮುಂಚೆ ಬಾಗಿಲು ಓರೆ ಮಾಡಿ
ತಳದ ಗುಳಿಗೆ ಮೂವತ್ತು ಗ್ರಾಂ ಸೀಸ ಹುಯ್ದೆ.
ಅವಳ ಅಳತೆ ಅವಳಿಗೆ.
ಜೀವಮಾನದಲ್ಲಿ ನಾನು ಮಾಡಿದ ಒಂದೇ ಕಳ್ಳ ಬಟ್ಟು.

ಶಿವನಂಜಯ್ಯ ಅದನ್ನು ತೂಗಿದರೆ ನನ್ನ ಲೈಸೆನ್ಸು ಹೋಗುತ್ತದೆ.
ತೂಗದೆ ಡಬ್ಬಿ ಎತ್ತಿ ನೋಡಿ ಮುದ್ರೆ ಒತ್ತಿದರೆ ಉಳಿಯುತ್ತದೆ.
ಸೋಮವಾರ ಕ್ಯಾಂಪು.
ತೂಗಲಿ ಅಂತಲೇ ಇದೆ ನನಗೆ.